ರಾಚಮ್ಮನ ಮನೆಗೆ ಆರ್.ಐ. ಅಮ್ಮ ಬಂದದ್ದು

ಎಲೆಕೋಸಿನ ಹೊಲಕ್ಕೆ ನಾಳೆಯಿಂದ ಬರಬೇಡ ಎಂದು ಮೇಸ್ತ್ರಿ ಬಸವಯ್ಯ ರಾಚಮ್ಮನಿಗೆ ಹೇಳಿದ್ದು ಬೈದಲ್ಲ, ಮೆತ್ತಗೆ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅವಳಿಗೇನು ಬಾಯಿ ಕಡಿಮೆಯೆ? ಆದರೆ ಅವನು ಅವಳ ಕೈಯಿಂದ ಕುಡುಗೋಲನ್ನು ತಾನೇ ಬಿಡಿಸಿಕೊಂಡು, "ಕೈ ನಡುಗ್ತದೆ ಕಣವ್ವ. ಬೆರ್ಳು ಗಿರ್ಳು ಕುಯ್ಕೊಂಡ್ರೆ ನಾನ್ ಯಾರ್ಗೆ ಉತ್ರ ಯೋಳ್ಲಿ?" ಎಂದು, ಒಂದು ದಪ್ಪ ಕೋಸನ್ನು ಅವಳ ಮಡಿಲಿಗೆ ಹಾಕಿ, ಬದುವಿನ ತನಕ ಜೊತೆಗೆ ನಡೆದು ಬಂದಿದ್ದ. ಅಷ್ಟು ಮರ್ಯಾದೆಯಿಂದ ಕಳಿಸಿಕೊಟ್ಟವನ ಮೇಲೆ ಜಗಳ ತೆಗೆಯುವುದು ಹೇಗೆ? ರಾಚಮ್ಮ ಆ ಕೋಸನ್ನು ಕೂಸಿನ ಹಾಗೆ ಅವಚಿಕೊಂಡು ಜೀರಹಳ್ಳಿಯ ತನ್ನ ಕೇರಿಗೆ ವಾಪಸು ಬಂದಳು. ಆಮೇಲೆ ಅವಳನ್ನು ಯಾರೂ ಕೂಲಿಗೆ ಕರೆಯಲಿಲ್ಲ.

ಗಂಡ ಮಾದೇವ ತೀರಿಕೊಂಡು ಬಹಳ ಕಾಲವಾಗಿತ್ತು. ಮಕ್ಕಳಿರಲಿಲ್ಲ. ಒಂದೇ ಕೋಣೆಯ ಹೆಂಚಿನ ಮನೆ, ಅದರ ಮೂಲೆಯಲ್ಲಿ ಒಲೆ. ಆ ಒಲೆ ಮೊದಲು ದಿನ ಬಿಟ್ಟು ದಿನ ಉರಿಯಿತು, ಆಮೇಲೆ ಯಾವಾಗಲೋ ಒಮ್ಮೆ. ಹಾಗೆಂದು ಅವಳು ಯಾರ ಬಾಗಿಲಿಗೂ ಹೋಗಿ ನಿಂತವಳಲ್ಲ. ಬಾಗಿಲಿಗೆ ಬರುತ್ತಿದ್ದವರು ಬೇರೆಯವರೇ. ಪಕ್ಕದ ಮನೆಯ ನಾಗಮಣಿ ಸಂಜೆಯಾಯಿತೆಂದರೆ ಸಾರಿನ ಬಟ್ಟಲು ಹಿಡಿದು ಬಂದು, "ಒಸಿ ಉಪ್ಪು ನೋಡತ್ತೆ. ನಂಗೆ ನೆಗಡಿ, ಬಾಯ್ಗೆ ರುಚೀನೇ ಗೊತ್ತಾಯ್ತಿಲ್ಲ" ಎನ್ನುವಳು. ಎದುರು ಮನೆಯ ಪುಟ್ಟಿ ತಟ್ಟೆಯ ಮೇಲೆ ತಟ್ಟೆ ಕವುಚಿಕೊಂಡು ಬಂದು, "ಒಂದ್ ಮುದ್ದೆ ಜಾಸ್ತಿ ಆಗೋಯ್ತು ಕಣವ್ವ. ಮಡಗಿದ್ರೆ ಅಳ್ಸೋಯ್ತದೆ" ಎನ್ನುವಳು. ಮದುವೆಯಾದಾಗಿನಿಂದ ಸಾರು ಮಾಡುತ್ತ ಬಂದ ಹೆಂಗಸಿಗೆ ವರ್ಷವಿಡೀ ನೆಗಡಿ ಇರುವುದಿಲ್ಲವೆಂದು ರಾಚಮ್ಮನಿಗೆ ಗೊತ್ತು. ಗೊತ್ತಿದ್ದೂ ಬೆರಳು ಅದ್ದಿ ನಾಲಿಗೆಗೆ ಇಟ್ಟು, ಕಣ್ಣು ಮುಚ್ಚಿ, "ಒಸಿ ಕಮ್ಮಿ ಆಗದೆ" ಎನ್ನುವಳು. ಉಪ್ಪು ಸರಿಯಾಗಿಯೇ ಇರುತ್ತಿತ್ತು. ಕಮ್ಮಿ ಎಂದರೆ ತಾನು ಉಂಡದ್ದು ದಾನವಲ್ಲ, ಕೆಲಸ ಎಂದಾಗುತ್ತದಲ್ಲ, ಅಷ್ಟಕ್ಕೆ.

ಇದನ್ನೆಲ್ಲ ಮೂಲೆಯಲ್ಲಿ ಕೂತು ನೋಡುತ್ತಿದ್ದವಳು ನಾಗಮಣಿಯ ಮಗಳು ಪರಿಮಳ. ತಾಳವಾಡಿಯ ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಅಲ್ಲಿಗೆ ದಿನವೂ ಯಾರಾದರೊಬ್ಬರು ಅರ್ಜಿ ಬರೆಸಲು ಬರುತ್ತಿದ್ದುದರಿಂದ ಯಾರಿಗೆ ಸರ್ಕಾರದಿಂದ ಏನು ಸಿಗುತ್ತದೆ ಎನ್ನುವುದು ಅವಳ ಕಿವಿಗೆ ಬೀಳುತ್ತಿತ್ತು. ತಾಳವಾಡಿಯ ಬೆಟ್ಟ ತಮಿಳುನಾಡಿಗೆ ಸೇರಿದ್ದು, ಮನೆಮಾತು ಕನ್ನಡವಾದರೂ ಆಫೀಸಿನ ಕಾಗದವೆಲ್ಲ ತಮಿಳು. ಒಂದು ಭಾನುವಾರ ಅವಳು ತಮಿಳಿನಲ್ಲಿ ಅರ್ಜಿ ಬರೆದುಕೊಂಡು ಬಂದು ರಾಚಮ್ಮನ ಮುಂದೆ ಇಟ್ಟಳು.

"ಎಬ್ಬೆಟ್ಟು ಒತ್ತಜ್ಜಿ. ವಯಸ್ಸಾದೋರ್ ಪೆನ್ಷನ್ನು. ತಿಂಗ್ಳು ತಿಂಗ್ಳು ಮನೆ ಬಾಗ್ಲಿಗೇ ಮನಿಯಾರ್ಡರ್ ಬತ್ತದೆ. ವರ್ಸಕ್ಕೆ ಸೀರೆನೂ ಕೊಡ್ತರೆ."

"ಸರ್ಕಾರ ನಂಗ್ಯಾಕಮ್ಮಿ ಕೊಡ್ತದೆ? ನಾನೇನ್ ಸರ್ಕಾರದ ಒಲದಲ್ಲಿ ಕಳೆ ಕಿತ್ತಿದ್ನಾ?"

"ಯಾರ್ ಒಲದಲ್ಲೋ ಕಿತ್ತಿದ್ದೀಯಲ್ಲ. ಎಲ್ಲಾನೂ ಸರ್ಕಾರದ ಲೆಕ್ಕಕ್ಕೇ ಬತ್ತದೆ ಅಂದ್ಕೊ."

"ಬಿಕ್ಸೆ ಅಲ್ವಾ ಅದು?"

ಪರಿಮಳ ಸ್ವಲ್ಪ ಯೋಚಿಸಿದಳು. "ಬಿಕ್ಸೆ ಆಕೋರು ಯಾರಾರ ಮನೆಗಂಟ ಬಂದು, ಕುಂತು, ಕಷ್ಟ ಸುಖ ಕೇಳ್ತಾರಾ? ಇದಕ್ಕೆ ಆರ್.ಐ. ಅಮ್ಮಾನೇ, ರೆವಿನ್ಯೂ ಇನ್ಸ್‌ಪೆಕ್ಟ್ರು, ಬಂದು ವಿಚಾರ್ಸ್ಕೊಂಡು ಓಯ್ತರೆ."

ಈ ಮಾತು ರಾಚಮ್ಮನ ಮನಸ್ಸಿಗೆ ಹೋಗಿ ಕೂತಿತು. ಹೆಬ್ಬೆಟ್ಟು ಒತ್ತಿದಳು. ಹಣದ ವಿಚಾರ ಅಷ್ಟಾಗಿ ತಲೆಯಲ್ಲಿ ನಿಲ್ಲಲಿಲ್ಲ. ನಿಂತದ್ದು ಒಬ್ಬ ಆಫೀಸರಮ್ಮ ತನ್ನ ಮನೆಗೆ ಬಂದು, ಕೂತು, ಕಷ್ಟ ಸುಖ ಕೇಳುತ್ತಾಳೆ ಎನ್ನುವುದು.

ಬೆಳೆಯೆಲ್ಲ ಮನೆ ಸೇರುವ ಹೊತ್ತಿಗೆ, ಒಂದು ದಿನ ಕಂದಾಯದವರ ಕೆಲಸಕ್ಕೆ ಓಡಾಡುವ ತಲಯಾರಿ ಮುರುಗನ್ ಸೈಕಲ್ ಇಳಿಯದೆಯೇ ಕಾಲು ಊರಿ ನಿಂತು, "ರಾಚವ್ವೋ, ನಾಳೆ ನಿನ್ ಮನೆಗೆ ವಿಚಾರ್ಣೆ. ಆರ್.ಐ. ಅಮ್ಮ ಬತ್ತರೆ, ಎಲ್ಲೂ ಓಗ್ಬ್ಯಾಡ" ಎಂದು ಕೂಗಿ ಹೋದ. ಪರಿಮಳ ಮಾರನೆಯ ದಿನ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಬಂದು, "ಮನೆ ಇದ್ದಂಗೇ ಇರ್ಲಿ ಕಣಜ್ಜಿ. ನೀನೂ ಇದ್ದಂಗೇ ಇರು. ನಾನು ಅರ್ಧ ದಿನ ರಜ ಆಕಿ ಬಂದ್ಬುಡ್ತಿನಿ" ಎಂದಳು. ರಾಚಮ್ಮ ತಲೆಯಾಡಿಸಿದಳು.

ತಲೆಯಾಡಿಸಿದಳೇ ಹೊರತು ಆ ಮಾತು ಅವಳಿಗೆ ಅರ್ಥವಾಗಲಿಲ್ಲ. ಮನೆಗೆ ದೊಡ್ಡವರು ಬರುವಾಗ ಮನೆ ಇದ್ದ ಹಾಗೇ ಇರುವುದೆಂದರೇನು? ಆ ಕೇರಿಯಲ್ಲಿ ಅಂಥದ್ದನ್ನು ಯಾರೂ ಕೇಳಿರಲಿಲ್ಲ. ಅಲ್ಲಿ ಯಾವ ಮನೆಗೆ ಹೆಣ್ಣು ನೋಡಲು ಬಂದರೂ ಬೆಳಗಾಗುವುದರೊಳಗೆ ಆ ಮನೆ ತುಂಬಿರುತ್ತಿತ್ತು. ಒಬ್ಬರ ಮನೆಯ ಕೊಡ, ಇನ್ನೊಬ್ಬರ ತಟ್ಟೆ ಲೋಟ, ಮತ್ತೊಬ್ಬರ ಚಾಪೆ ಕಂಬಳಿ, ಮೂಲೆಗೆ ಯಾರದೋ ರಾಗಿ ಮೂಟೆ. ಗಂಡಿನ ಕಡೆಯವರು ಹೋದ ಮೇಲೆ ಎಲ್ಲ ಅವರವರ ಮನೆಗೆ. ಇದನ್ನು ಯಾರೂ ಮೋಸ ಅನ್ನುತ್ತಿರಲಿಲ್ಲ. ಗಂಡಿನ ಕಡೆಯವರಿಗೂ ಗೊತ್ತಿರುತ್ತಿತ್ತು, ಅವರ ಕೇರಿಯಲ್ಲೂ ಅದೇ ತಾನೆ. ಆ ಮನೆಗೆ ಕೊಡ ಕೊಡುವ ಜನ ಎಷ್ಟಿದ್ದಾರೆ ಎನ್ನುವುದೇ ಆ ಮನೆಯ ಯೋಗ್ಯತೆ. ರಾಚಮ್ಮನ ತವರಿನ ತಾಮ್ರದ ಹಂಡೆ ಒಂದು ಕಾಲದಲ್ಲಿ ಕೇರಿಯ ಎಲ್ಲ ಹೆಣ್ಣುಮಕ್ಕಳ ಮದುವೆ ಮಾತಿಗೂ ಮೂಲೆಯಲ್ಲಿ ಹೊಳೆಯುತ್ತ ಕೂತಿತ್ತು. ನಾಗಮಣಿಯನ್ನು ನೋಡಲು ಬಂದಾಗಲೂ, ಪುಟ್ಟಿಯನ್ನು ನೋಡಲು ಬಂದಾಗಲೂ. ಮಾದೇವ ಹಾಸಿಗೆ ಹಿಡಿದಾಗ ಆ ಹಂಡೆ ಚಾಮರಾಜನಗರದ ಪಾತ್ರೆ ಅಂಗಡಿ ಸೇರಿತು.

ಹಾಗಾಗಿ ಪರಿಮಳ ಬಸ್ಸು ಹತ್ತಿದ್ದೇ ತಡ, ನಾಗಮಣಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಆಫೀಸರಮ್ಮ ಬಂದು ಮೂರ್ ಕಲ್ಲು ಒಂದ್ ಮಡಕೆ ನೋಡ್ಕೊಂಡು ಓಗ್ಲಾ? ಕೇರಿ ಮಾನ ಏನಾಯ್ತದೆ? ಪುಟ್ಟಿ, ನಿಮ್ಮ ರಾಗಿ ಮೂಟೆ ಕಳ್ಸಮ್ಮಿ."

"ಮೂಟೆ ನಂದು, ಎಗ್ಲು ಯಾರ್ದು?" ಎಂದಳು ಪುಟ್ಟಿ. "ನನ್ ಗಂಡ ಒಲಕ್ಕೋಗವ್ನೆ. ಬಾ, ಇಬ್ರೂ ಎಳ್ಕೊಂಡ್ ಬರಣ."

"ನಿನ್ ಗಂಡ ಇದ್ರೂ ಒರ್ತಿದ್ನಾ? ಬೀಡಿ ಪೊಟ್ಣ ಒರಕ್ಕೇ ಏದುಸ್ರು ಬುಡ್ತನೆ."

ರಾಚಮ್ಮ ನೆಲ ಸಾರಿಸಿದಳು. ಬಾಗಿಲಿಗೆ ರಂಗೋಲಿ ಬಂತು. ಹೊಳೆಯುವ ಸ್ಟೀಲ್ ಕೊಡಗಳು ಗೋಡೆಗೆ ಒರಗಿ ಸಾಲಾಗಿ ಕೂತವು, ಪುಟ್ಟಿಯ ಹೊಸ ಕಂಬಳಿ ಹಗ್ಗದ ಮೇಲೆ ಬಿತ್ತು. ಕೇರಿಯ ಕೊನೆಯ ಮನೆಯ ವೆಂಕಟಮ್ಮ ಒಂದು ಗಡಿಯಾರ ತಂದು ಮೊಳೆಗೆ ನೇತು ಹಾಕಿದಳು. ಅದು ನಿಂತು ಹೋಗಿತ್ತು, ಆದರೂ ಗೋಡೆಗೆ ಕಳೆ ಬಂತು.

"ಸರ್ಕಾರ ಪುಕ್ಸಟ್ಟೆ ಕೊಟ್ಟ ನಮ್ಮ ಟಿ.ವಿ.ನೂ ತಂದ್ ಮಡಗ್ಲಾ ಅತ್ತೆ?" ಎಂದಳು ನಾಗಮಣಿ.

"ಕರೆಂಟೇ ಇಲ್ದಿರೋ ಮನೇಲಿ ಟಿ.ವಿ. ಮಡಗಿ ಏನ್ ತೋರ್ಸಿಯೇ? ನಿನ್ ಮುಸುಡಿನಾ?" ಎಂದಳು ರಾಚಮ್ಮ. ಹಾಗೆ ಬಾಯಿ ಬಿಟ್ಟು ರೇಗಿಸಿ ಅವಳಿಗೆ ಎಷ್ಟೋ ದಿನವಾಗಿತ್ತು. ಎಲ್ಲರೂ ನಕ್ಕರು.

ಇನ್ನು ಉಳಿದದ್ದು ಕುರ್ಚಿ. ಕುರ್ಚಿ ಇದ್ದದ್ದು ಬಸ್ ಸ್ಟಾಪಿನ ಆಚೆ, ಪುಟ್ಟಬಸಪ್ಪನವರ ಮನೆಯಲ್ಲಿ. ರಾಚಮ್ಮ ಅಲ್ಲಿ ಕೊಟ್ಟಿಗೆ ಬಾಚಿ, ರಾಗಿ ಬಡಿದು, ಪ್ರಾಯವನ್ನೆಲ್ಲ ಕಳೆದವಳು. ಆ ಮನೆಗೆ ಆಫೀಸರುಗಳು ಬಂದಾಗ ಜಗಲಿಯ ಮೇಲೆ ಕುರ್ಚಿ ಹಾಕುವುದನ್ನು, ಕಾಫಿ ಕೊಡುವುದನ್ನು ಅಂಗಳದಿಂದ ಎಷ್ಟು ಸಲ ನೋಡಿಲ್ಲ ಅವಳು! ಆ ಮನೆಯ ಮಂಗಳಮ್ಮನವರು ಅವಳ ಮಾತು ಕೇಳಿ ಹುಬ್ಬೇರಿಸಿದರು.

"ನಿನ್ ಮನೆಗೆ ಆಫೀಸರ್ ಬತ್ತರೇನಮ್ಮಿ ರಾಚಿ? ನಮ್ಮನೆಗೇ ಈ ವರ್ಸ ಯಾರೂ ಬಂದಿಲ್ಲ."

"ಬತ್ತರಂತೆ ಅಮ್ಮಾವ್ರೆ. ಒಂದ್ ಗಳಿಗೆ ಕುರ್ಚಿ ಕೊಟ್ರೆ..."

ಮಂಗಳಮ್ಮನವರು ಒಳಗೆ ಹೋಗಿ, ತೋಳು ಸ್ವಲ್ಪ ಸೀಳಿದ ಕೆಂಪು ಪ್ಲಾಸ್ಟಿಕ್ ಕುರ್ಚಿ ತಂದು ಜಗಲಿಯಿಂದ ಕೆಳಗಿಳಿಸಿದರು. "ಆಯಮ್ಮನ್ನ ಕೂರ್ಸು. ನೀವುಗಳು ಕೂರಬ್ಯಾಡಿ ಮತ್ತೆ. ಕತ್ಲಾಗಕ್ಕೆ ಮುಂಚೆ ತಂದ್ಬುಡು, ತೊಳ್ದು ಒಳೀಕೆ ಇಟ್ಕೋಬೇಕು." ರಾಚಮ್ಮ ತಲೆ ಬಗ್ಗಿಸಿ ಕುರ್ಚಿ ಎತ್ತಿಕೊಂಡಳು. ಅಂಗಳ ದಾಟುವಷ್ಟರಲ್ಲಿ ಮಂಗಳಮ್ಮನವರೇ ಮತ್ತೆ ಕರೆದರು. "ಆಲಿಲ್ದೆ ಕಾಫಿ ಏನ್ ಕೊಟ್ಟೀಯೇ? ತಕೊ" ಎಂದು ಒಂದು ಚೊಂಬು ಹಾಲು ಕೊಟ್ಟರು.

ಬಿಸಿಲು ಏರುವ ಹೊತ್ತಿಗೆ ಆರ್.ಐ. ಅಮ್ಮ ಬಂದರು. ಹಿಂದೆ ಮುರುಗನ್, ಬಗಲಲ್ಲಿ ಅವರ ಚೀಲ. ಇನ್ನೂ ಚಿಕ್ಕ ವಯಸ್ಸು. ಘಾಟಿಯ ಕೆಳಗೆ ಸತ್ಯಮಂಗಲದ ಕಡೆಯವರು. ಮಾತು ತಮಿಳಾದರೂ ಬೆಟ್ಟಕ್ಕೆ ಬಂದ ಮೇಲೆ ಕನ್ನಡ ಚೆನ್ನಾಗಿಯೇ ಕಲಿತಿದ್ದರು. ಅಜ್ಜಿ ಅನ್ನುವುದಕ್ಕೆ ಮಾತ್ರ ಪಾಟಿ ಎನ್ನುತ್ತಿದ್ದರು.

"ಬನ್ನಿ ತಾಯಿ, ಕುಂತ್ಕೊಳಿ" ಎಂದು ರಾಚಮ್ಮ ಕುರ್ಚಿಯನ್ನು ಸೆರಗಿನಿಂದ ಒರೆಸಿದಳು. ನಾಗಮಣಿಯ ನೀಲಿ ಸೀರೆ ಉಟ್ಟಿದ್ದಳು. ಕಾಫಿ ಬಂತು. ಆರ್.ಐ. ಅಮ್ಮ ಲೋಟ ಹಿಡಿದು ಮನೆಯನ್ನು ನಿಧಾನವಾಗಿ ಒಂದು ಸುತ್ತು ನೋಡಿದರು. ಕೊಡಗಳು. ಕಂಬಳಿ. ಮೂಟೆ. ಗಡಿಯಾರ.

"ಇದೆಲ್ಲ ನಿಮ್ಮದೇನಾ ಪಾಟಿ?"

"ನಮ್ದೇ ತಾಯಿ."

"ಊಟಕ್ಕೆ ತೊಂದರೆ ಇಲ್ವಾ?"

ಬಾಗಿಲ ಹೊರಗೆ ನಿಂತ ಹೆಂಗಸರು ಕಿವಿಗೊಟ್ಟು ಕೇಳುತ್ತಿದ್ದರು. ಮನೆಗೆ ಬಂದವರ ಎದುರು, ಅವರು ಕಾಫಿ ಕುಡಿಯುತ್ತಿರುವಾಗ, ಊಟಕ್ಕಿಲ್ಲ ಎಂದು ಹೇಳುವುದು ರಾಚಮ್ಮನಿಂದ ಹೇಗಾದೀತು? ಕುಡಿಯುವ ಕಾಫಿ ಅವರ ಗಂಟಲಲ್ಲಿ ಇಳಿದೀತೆ?

"ನಿಮ್ ದಯದಿಂದ ಏನೂ ಕಮ್ಮಿಯಿಲ್ಲ ತಾಯಿ" ಎಂದಳು.

ಆರ್.ಐ. ಅಮ್ಮನ ಮುಖ ಸ್ವಲ್ಪ ಸಣ್ಣದಾಯಿತು. ಮಡಿಲಲ್ಲಿದ್ದ ಕಾಗದವನ್ನು ನೋಡಿದರು, ಮೂಟೆಯನ್ನು ನೋಡಿದರು. "ನೋಡಿ ಪಾಟಿ, ಈ ಸಹಾಯ ಏನೂ ಇಲ್ಲದವರಿಗೆ ಅಂತ ಇರೋದು. ನೀವು ಚೆನ್ನಾಗಿದ್ದೀರಿ. ಹೀಗೇ ಚೆನ್ನಾಗಿರಿ" ಎಂದು ಒಂದೆರಡು ಸಾಲು ಬರೆದುಕೊಂಡು ಎದ್ದರು. ವೆಂಕಟಮ್ಮನ ವಿಧವಾ ಪೆನ್ಷನ್ನಿನ ವಿಚಾರಣೆಯೂ ಅದೇ ದಿನವಿತ್ತು. ಅದನ್ನು ಮುಗಿಸಿಕೊಂಡು ಬಸ್ ಸ್ಟಾಪಿನ ಕಡೆ ಹೋದರು.

ಕೇರಿಗೆ ಕೇರಿಯೇ ಹಿಗ್ಗಿತು. ಚೆನ್ನಾಗಿದ್ದೀರಿ ಅಂದರಲ್ಲ! ಗಂಡಿನ ಕಡೆಯವರು ಹೆಣ್ಣು ಒಪ್ಪಿಗೆ ಎಂದು ಹೇಳಿ ಹೋದ ಹಾಗೆ ಎಲ್ಲರೂ ಅಂಗಳದಲ್ಲಿ ಕೂತು, ಮಿಕ್ಕ ಕಾಫಿಯನ್ನು ಹಂಚಿಕೊಂಡು ಕುಡಿದರು. ಆಯಮ್ಮ ಎಷ್ಟು ಸಂದಾಕವ್ರೆ, ಕಾಫಿ ಲೋಟ ಎತ್ತಿ ಕುಡಿಯದೆ ನಮ್ಮಂತೆ ಕಚ್ಚಿ ಕುಡಿದರು, ನೋಡಿದ್ಯಾ, ಎಂದೆಲ್ಲ ಮಾತು. ರಾಚಮ್ಮನ ಎದೆಯೊಳಗೂ ಏನೋ ತುಂಬಿ ಬಂದಂತಿತ್ತು. ಅಷ್ಟರಲ್ಲಿ ಪರಿಮಳ ಓಡೋಡಿ ಬಂದಳು. ಬಸ್ಸು ತಪ್ಪಿ ಹಾಲಿನ ವ್ಯಾನಿನಲ್ಲಿ ಬಂದಿದ್ದಳು. ಮನೆಯೊಳಗೆ ಇಣುಕಿದವಳು ಹಾಗೇ ನಿಂತುಬಿಟ್ಟಳು.

"ಅಮ್ಮಾ, ಇದೇನ್ ಮಾಡ್ಬುಟ್ರಿ?"

"ಏನಮ್ಮಿ? ಸಂದಾಗಿಲ್ವಾ?"

"ಬಡವ್ರು ಅಂತ ತಾನೆ ದುಡ್ ಕೊಡದು! ಆಯಮ್ಮ ಬಂದಿದ್ದೇ ಅಜ್ಜಿ ತಾವ ಏನೂ ಇಲ್ಲ ಅಂತ ಕಣ್ಣಲ್ಲಿ ನೋಡಕ್ಕೆ. ನೀವ್ ನೋಡಿದ್ರೆ ಮದ್ವೆ ಮನೆ ಮಾಡಿಟ್ಟಿದ್ದೀರಿ. ಇನ್ನೇನ್ ಬರ್ಕೊಂಡಾರು? ಶ್ರೀಮಂತ್ರು ಅಂತ ಬರ್ಕೊಂಡ್ರು, ಅಷ್ಟೆ. ಓಯ್ತು ಪೆನ್ಷನ್ನು."

ಪುಟ್ಟಿ ಕಾಫಿ ಲೋಟವನ್ನು ನೆಲಕ್ಕಿಟ್ಟಳು. ನಾಗಮಣಿ ತನ್ನ ಕೊಡಗಳನ್ನು ಯಾರೋ ಶತ್ರುಗಳನ್ನು ನೋಡುವ ಹಾಗೆ ನೋಡಿದಳು. "ನಾನೇ ಕಣತ್ತೆ, ನಾನೇ ಮುಂಡೆ. ಕೇರಿ ಮಾನ ಅಂತ ಕುಣಿದೆ" ಎಂದು ಮೂಗು ಸೀಟಿದಳು. ಪರಿಮಳ ಗೋಡೆಗೆ ಮುಖ ಮಾಡಿಕೊಂಡಳು. ಭುಜ ಅಲುಗುತ್ತಿತ್ತು.

ರಾಚಮ್ಮನಿಗೆ ಅಳು ಬರಲಿಲ್ಲ. ಅವಳು ಯೋಚಿಸುತ್ತಿದ್ದದ್ದು ಬೇರೆಯೇ. ಪೆನ್ಷನ್ ಬಂದಿದ್ದರೆ ನಾಳೆಯಿಂದ ಈ ಒಲೆಗೆ ಬೆಂಕಿ ಬೀಳುತ್ತಿತ್ತು. ನಾಗಮಣಿ ಬಟ್ಟಲು ಹಿಡಿದು ಬಂದರೆ, ಬೇಕಾದರೆ ಉಪ್ಪು ನೋಡುವುದು, ಬೇಡವಾದರೆ "ಓಗಮ್ಮಿ ನಿನ್ ಸಾರು ಯಾರಿಗ್ ಬೇಕು" ಎಂದು ರೇಗಿಸುವುದು. ಈಗ ರೇಗಿಸುವ ಹಾಗಿಲ್ಲ. ಹಸಿದವಳು ಬಡಿಸುವ ಕೈಯನ್ನು ರೇಗಿಸಲಾರಳು. ಎಷ್ಟೋ ದಿನದಿಂದ ತಾನು ಕಳೆದುಕೊಂಡಿದ್ದದ್ದು ಅದೇ ಎಂದು ಅವಳಿಗೆ ಈಗ ಗೊತ್ತಾಯಿತು. ಅದು ವಾಪಸು ಬರಬೇಕಾದರೆ ಯಾರಾದರೂ ಹೋಗಿ ಆಯಮ್ಮನಿಗೆ ನಿಜ ಹೇಳಬೇಕು.

"ನಾನ್ ಓಗಿ ಯೋಳ್ತಿನಿ" ಎಂದು ಪರಿಮಳ ಕಣ್ಣೊರೆಸಿಕೊಂಡು ತಿರುಗಿದಳು. "ಬಸ್ ಸ್ಟಾಪಲ್ಲೇ ಕುಂತವ್ರೆ. ಬರ್ತಾ ನೋಡ್ದೆ."

"ನೀ ಬ್ಯಾಡ ಕಣ್ ಕೂಸು" ಎಂದಳು ರಾಚಮ್ಮ. "ಸುಳ್ಳು ಯೋಳ್ದವ್ಳು ನಾನು."

ಕುರ್ಚಿಯನ್ನು ಹೇಗೂ ವಾಪಸು ಕೊಡಬೇಕಿತ್ತು. ಅದನ್ನು ತಲೆಯ ಮೇಲೆ ಕವುಚಿಕೊಂಡು ಹೊರಟಳು. ಕುರ್ಚಿಯ ನಾಲ್ಕು ಕಾಲು ಆಕಾಶ ನೋಡುತ್ತಿದ್ದವು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿಕೊಳ್ಳಲು ನೋಡಿದಳು, ಆಗಲಿಲ್ಲ. ಮಾದೇವ ಸತ್ತಾಗಲೂ, ಹಂಡೆ ಮಾರಿದಾಗಲೂ, ಮೇಸ್ತ್ರಿ ಬರಬೇಡ ಎಂದಾಗಲೂ "ನನ್ ತಾವ ಏನೂ ಇಲ್ಲ" ಎನ್ನುವ ಮಾತು ಅವಳ ಬಾಯಿಂದ ಬಂದಿರಲಿಲ್ಲ. ಹಸಿದಿದ್ದಾಗ "ಈಗ್ ತಾನೆ ಉಂಡೆ" ಎಂದು ಹೇಳಿ ಹೇಳಿ ನಾಲಿಗೆ ಅದಕ್ಕೇ ಒಗ್ಗಿಹೋಗಿತ್ತು.

ಬಸ್ ಸ್ಟಾಪಿನ ಹೊಂಗೆ ಮರದ ಕೆಳಗೆ ಆರ್.ಐ. ಅಮ್ಮ ಒಂದು ಕಲ್ಲಿನ ಮೇಲೆ ಕರವಸ್ತ್ರ ಹಾಸಿಕೊಂಡು ಕೂತಿದ್ದರು. ಮುರುಗನ್ ಅಂಗಡಿಯಲ್ಲಿ ಬೀಡಿ ಹಚ್ಚುತ್ತಿದ್ದ. ಕುರ್ಚಿಯೇ ನಡೆದು ಬರುತ್ತಿರುವುದನ್ನು ಕಂಡು ಅವರು ಎದ್ದು ನಿಂತರು. ರಾಚಮ್ಮ ಕುರ್ಚಿಯನ್ನು ನೆಲಕ್ಕಿಳಿಸಿ, ಧೂಳು ಒರೆಸಿ, "ಕುಂತ್ಕೊಳಿ ತಾಯಿ, ಕಲ್ಲು ಸುಡ್ತದೆ" ಎಂದಳು.

"ಏನ್ ಪಾಟಿ, ಇಲ್ಲಿಗೂ ಕುರ್ಚಿ ತಂದ್ರಾ?"

"ಇದು ನಂದಲ್ಲ ತಾಯಿ."

ಒಂದು ಮಾತು ಹೊರಗೆ ಬಂದ ಮೇಲೆ ಉಳಿದವು ಒಂದರ ಹಿಂದೆ ಒಂದು ಬಂದವು. "ಕುರ್ಚಿ ಪುಟ್ಟಬಸಪ್ಪೋರ ಮನೇದು. ಕೊಡ ನಾಗಮಣಿದು. ಮೂಟೆ, ಕಂಬ್ಳಿ ಪುಟ್ಟಿದು. ಗಡಿಯಾರ ವೆಂಕಟಮ್ಮಂದು, ಅದು ಓಡಕ್ಕಿಲ್ಲ. ನೀವ್ ಕುಡ್ದ ಕಾಫಿ ಆಲು ಅಮ್ಮಾವ್ರು ಕೊಟ್ಟಿದ್ದು, ಪುಡಿ ಅಂಗ್ಡಿಲಿ ಕಡ. ಈ ಸೀರೆನೂ ನಂದಲ್ಲ ತಾಯಿ. ನನ್ ತಾವ..." ಅವಳು ನಿಂತಳು. ನೆಲ ನೋಡಿದಳು. "ನನ್ ತಾವ ಏನೂ ಇಲ್ಲ."

ಆರ್.ಐ. ಅಮ್ಮ ಕುರ್ಚಿಯನ್ನು ನೋಡಿದರು, ಅವಳು ಉಟ್ಟಿದ್ದ ನೀಲಿ ಸೀರೆಯನ್ನು ನೋಡಿದರು. "ಆಗ ಯಾಕೆ ಹೇಳಲಿಲ್ಲ ಪಾಟಿ?"

"ನೀವ್ ಮನೆಗ್ ಬಂದಿದ್ರಲ್ಲ" ಎಂದಳು ರಾಚಮ್ಮ. ಅದಕ್ಕಿಂತ ಬೇರೆ ಕಾರಣ ಬೇಕೆ ಎನ್ನುವ ಹಾಗೆ.

ಅಷ್ಟರಲ್ಲಿ ಬಸ್ಸು ಬಂತು. ಮುರುಗನ್ ಬೀಡಿ ಎಸೆದು ಚೀಲ ಎತ್ತಿಕೊಂಡ. ಕಂಡಕ್ಟರ್ "ತಾಳವಾಡಿ, ತಾಳವಾಡಿ, ಬನ್ನಿ ಮೇಡಂ" ಎಂದು ಕೂಗಿದ. ಆರ್.ಐ. ಅಮ್ಮ ಬಸ್ಸನ್ನು ನೋಡಿದರು, ಕೈ ಗಡಿಯಾರ ನೋಡಿದರು, ಆಮೇಲೆ ಕಂಡಕ್ಟರನಿಗೆ ಹೋಗು ಎಂದು ಕೈ ಬೀಸಿ, ಮುರುಗನ್ ಕೈಯಿಂದ ಚೀಲ ತೆಗೆದುಕೊಂಡು ರಾಚಮ್ಮನ ಜೊತೆ ಕೇರಿಯ ಕಡೆ ತಿರುಗಿದರು. ಬಸ್ಸಿನಿಂದ ಇಳಿದವರು ಪುಟ್ಟಬಸಪ್ಪನವರೇ. ಬಿಸಿಲಿಗೆ ಬೆವರಿದ್ದರು. ಮರದ ನೆರಳಲ್ಲಿ ಖಾಲಿ ಕುರ್ಚಿ ಕಂಡದ್ದೇ ಹೋಗಿ ಕೂತು, "ಪಂಚಾಯ್ತಿಯೋರು ಈ ಸಲ ಒಂದ್ ಒಳ್ಳೆ ಕೆಲ್ಸ ಮಾಡವ್ರೆ ಕಣ್ಲಾ, ಸ್ಟಾಪ್‌ಗೆ ಕುರ್ಚಿ ಆಕ್ಸವ್ರೆ" ಎಂದರು ಅಂಗಡಿಯವನಿಗೆ. ಅದು ತಮ್ಮದೇ ಮನೆಯ ಕುರ್ಚಿ ಎಂದು ಅವರಿಗೆ ಹೇಳಲು ಅಂಗಡಿಯವನಿಗೂ ಮನಸ್ಸಾಗಲಿಲ್ಲ.

ರಾಚಮ್ಮ ಮುಂದೆ, ಆರ್.ಐ. ಅಮ್ಮ ಹಿಂದೆ, ಇಬ್ಬರೂ ಕೇರಿಗೆ ಬಂದಾಗ ಅಲ್ಲಿ ಸಾಮಾನು ವಾಪಸು ಹೊರುವ ಕೆಲಸ ನಡೆದಿತ್ತು. ನಾಗಮಣಿ ಸೊಂಟದ ಎರಡೂ ಬದಿಗೆ ಒಂದೊಂದು ಕೊಡ ಇರುಕಿಕೊಂಡು ಹೊಸಿಲು ದಾಟುತ್ತಿದ್ದಳು. ಪುಟ್ಟಿ ಮೂಟೆಯನ್ನು ಎಳೆಯುತ್ತಿದ್ದಳು. ಆಫೀಸರಮ್ಮನನ್ನು ಕಂಡು ಎಲ್ಲರೂ ಇದ್ದಲ್ಲೇ ಕಲ್ಲಾದರು. ಆರ್.ಐ. ಅಮ್ಮ ಮೂಟೆ ದಾಟಿಕೊಂಡು ಒಳಗೆ ಹೋದರು.

ಮನೆ ಈಗ ದೊಡ್ಡದಾಗಿ ಕಾಣುತ್ತಿತ್ತು. ಬೆಳಿಗ್ಗೆ ಸಾರಿಸಿದ ನೆಲ ಅಷ್ಟೂ ಬರಿದಾಗಿತ್ತು. ಮೂರು ಕಲ್ಲಿನ ಒಲೆ, ಬೂದಿ ತಣ್ಣಗೆ. ಒಂದು ಮಡಕೆ, ಒಂದು ಅಲ್ಯೂಮಿನಿಯಂ ತ‍ಟ್ಟೆ. ಮೂಲೆಯಲ್ಲಿ ಮಾಸಿದ ಚಾಪೆಯ ಸುರುಳಿ. ಕೂರಲು ಏನೂ ಇರಲಿಲ್ಲ. ರಾಚಮ್ಮ ಚಾಪೆ ಹಾಸಲು ಬಗ್ಗುವಷ್ಟರಲ್ಲಿ ಆರ್.ಐ. ಅಮ್ಮ ಗೋಡೆಗೆ ಒರಗಿ ನೆಲದ ಮೇಲೇ ಕೂತುಬಿಟ್ಟರು, ಕಾಲು ಚಾಚಿಕೊಂಡು, ತವರಿಗೆ ಬಂದವರ ಹಾಗೆ.

"ನೆಲ ತಣ್ಣಗಿದೆ" ಎಂದರು.

ರಾಚಮ್ಮ ಎದುರು ಕೂತಳು. ಬರಬಹುದೆಂದು ಹೆದರಿದ್ದ ನಾಚಿಕೆಗೆ ಅವಳು ಕಾಯುತ್ತಿದ್ದಳು. ಅದು ಯಾಕೋ ಬರಲಿಲ್ಲ. ಈಯಮ್ಮ ಮಡಕೆಯನ್ನು ನೋಡಿದರು, ತಟ್ಟೆಯನ್ನು ನೋಡಿದರು, ಆದರೆ ಮಂದಿ ಬಡವರ ಸಾಮಾನು ನೋಡುವ ಹಾಗೆ ನೋಡಲಿಲ್ಲ. ಮನೆಯ ಸಾಮಾನು ನೋಡುವ ಹಾಗೆ ನೋಡಿದರು. ಬರೆದದ್ದಕ್ಕೆ ಗೀಟು ಎಳೆದು ಕೆಳಗೆ ಬೇರೆ ಬರೆಯಲು ಶುರು ಮಾಡಿದರು.

"ಮಕ್ಕಳು?"

"ಇಲ್ಲ ತಾಯಿ."

"ಅಣ್ಣ ತಮ್ಮ, ಅವರ ಮಕ್ಕಳು? ಯಾರಾದರೂ?"

"ಎಲ್ಲ ಓಗ್ಬುಟ್ರು ತಾಯಿ."

"ಹಾಗಾದ್ರೆ ಈಗ ನಿಮ್ಮನ್ನ ನೋಡ್ಕೊಳ್ಳೋರು ಯಾರು?"

ರಾಚಮ್ಮ ಬಾಗಿಲ ಕಡೆ ನೋಡಿದಳು. ನಾಗಮಣಿ, ಪುಟ್ಟಿ, ವೆಂಕಟಮ್ಮ ಒಬ್ಬರ ಹೆಗಲ ಮೇಲೆ ಒಬ್ಬರು ಬಗ್ಗಿ ಇಣುಕುತ್ತಿದ್ದರು. ಸುಳ್ಳು ಹೇಳಿ ಆದ ಎಡವಟ್ಟು ಸಾಕಾಗಿತ್ತು ಅವಳಿಗೆ.

"ಇವ್ರೇ ತಾಯಿ. ಇವ್ರೆಲ್ಲ ನೋಡ್ಕೊತರೆ."

"ಅಯ್ಯಯ್ಯೋ ಇಲ್ಲಾ ಅಮ್ಮ!" ನಾಗಮಣಿ ಕೊಡಗಳ ಸಮೇತ ಒಳಗೆ ನುಗ್ಗಿದಳು. "ನಾವ್ ಎಲ್ ನೋಡ್ಕೊಂಡೋ? ನಾನಂತೂ ಒಂದ್ ಲೋಟ ನೀರೂ ಕೊಟ್ಟೋಳಲ್ಲ. ಬಲೇ ಕೆಟ್ಟೋಳು ನಾನು, ಕೇಳಿ ಬೇಕಾದ್ರೆ!"

"ನಾನೂ ಅಷ್ಟೇಯ" ಎಂದಳು ಪುಟ್ಟಿ. "ಮಿಕ್ಕಿದ್ ಮುದ್ದೆ ನಾಯಿಗ್ ಆಕಿದ್ರೂ ಈವಮ್ಮಂಗೆ ಕೊಟ್ಟಿಲ್ಲ. ನಮ್ಗೂ ಈವಮ್ಮಂಗೂ ಮಾತೇ ಇಲ್ಲ."

"ಈ ಕೇರಿ ಜನಕ್ಕೆ ಕರುಣೆ ಅನ್ನದೇ ಇಲ್ಲ ಅಮ್ಮ" ಎಂದು ವೆಂಕಟಮ್ಮ ದನಿಗೂಡಿಸಿದಳು. "ನೀವೇ ಕಾಪಾಡ್ಬೇಕು."

ರಾಚಮ್ಮ ಬಾಯಿ ತೆರೆದು ಒಬ್ಬೊಬ್ಬರನ್ನೇ ನೋಡಿದಳು. ಪರಿಮಳ ಹಿಂದೆ ನಿಂತು ಹಣೆ ಚಚ್ಚಿಕೊಂಡಳು. ಆರ್.ಐ. ಅಮ್ಮ ಕಾಗದದ ಮೇಲೆ ತಲೆ ಬಗ್ಗಿಸಿದ್ದರು. ಅವರ ತುಟಿಯ ಕೊನೆ ಅಲುಗುತ್ತಿದ್ದದ್ದು ಎದುರು ಕೂತ ರಾಚಮ್ಮನಿಗೆ ಮಾತ್ರ ಕಂಡಿತು. ಅವರು ಬರೆದುಕೊಳ್ಳುತ್ತ, ತಮ್ಮಷ್ಟಕ್ಕೆ ಎನ್ನುವ ಹಾಗೆ ಕನ್ನಡದಲ್ಲೇ ಗಟ್ಟಿಯಾಗಿ ಓದಿದರು. "ಈ ಪಾಟಿಗೆ ಯಾರೂ ಇಲ್ಲ."

"ಅಂಗ್ ಬರೀಬ್ಯಾಡಿ ತಾಯಿ."

ಎಲ್ಲರೂ ತಿರುಗಿ ನೋಡಿದರು. ಪರಿಮಳ "ಅಜ್ಜೀ, ಸುಮ್ಕಿರಜ್ಜಿ" ಎಂದು ಅಳು ಬೆರೆತ ದನಿಯಲ್ಲಿ ಅಂದಳು. ರಾಚಮ್ಮ ಸುಮ್ಮನಿರಲಿಲ್ಲ. ಮೂರು ಕಲ್ಲು ಒಂದು ಮಡಕೆ ಎಂದು ಬರೆದುಕೊಳ್ಳಲಿ, ಅದು ಕಣ್ಣಿಗೆ ಕಾಣುವ ನಿಜ. ಆದರೆ ಇದು? ಬಾಗಿಲಲ್ಲಿ ನಿಂತು ತನಗಾಗಿ ಬಾಯಿ ತುಂಬ ತಮ್ಮನ್ನೇ ಬೈದುಕೊಳ್ಳುತ್ತಿರುವ ಈ ಹೆಂಗಸರನ್ನು ಇಟ್ಟುಕೊಂಡು ಯಾರೂ ಇಲ್ಲ ಎಂದು ಹೆಬ್ಬೆಟ್ಟು ಒತ್ತುವುದು ಹೇಗೆ?

"ದುಡ್ಡಿಲ್ಲ ಅಂತ ಬರ್ಕೊಳಿ. ದುಡಿಯೋ ಸಕ್ತಿ ಇಲ್ಲ ಅಂತ ಬರ್ಕೊಳಿ. ಒಡುಟ್ಟಿದೋರು, ಒಟ್ಟೇಲಿ ಉಟ್ಟಿದೋರು ಇಲ್ಲ ಅಂತ ಬರ್ಕೊಳಿ" ಎಂದಳು. "ಯಾರೂ ಇಲ್ಲ ಅಂತ ಮಾತ್ರ ಬರೀಬ್ಯಾಡಿ. ಅಂಗಾದ್ರೆ ನಂಗೆ ಪೆನ್ಷನ್ನೇ ಬ್ಯಾಡ."

ಆರ್.ಐ. ಅಮ್ಮನ ಪೆನ್ನು ನಿಂತಿತು. ಅವರು ರಾಚಮ್ಮನನ್ನು ನೋಡಿದರು. ಆಮೇಲೆ ಬರೆದದ್ದನ್ನು ಹೊಡೆದು ಹಾಕಿ, ಮೇಲೆ ಪುಟ್ಟ ಅಕ್ಷರದಲ್ಲಿ ಏನೋ ಬರೆದರು. ಪರಿಮಳಳನ್ನು ಕರೆದು, "ನೀನು ಓದು, ನಿನ್ನ ಪಾಟಿಗೆ ಕೇಳಿಸಲಿ" ಎಂದರು. ಪರಿಮಳ ತಮಿಳನ್ನು ಕನ್ನಡ ಮಾಡಿ ಓದಿದಳು. "ಮಕ್ಕಳಿಲ್ಲ. ರಕ್ತ ಸಂಬಂಧಿಗಳಿಲ್ಲ. ದುಡಿಯಲು ಶಕ್ತಿ ಇಲ್ಲ. ಸಹಾಯಕ್ಕೆ ಅರ್ಹರು."

"ಅಷ್ಟೇನಾ?" ಎಂದಳು ರಾಚಮ್ಮ.

"ಅಷ್ಟೇ ಪಾಟಿ. ಅಷ್ಟು ಸಾಕು ಸರ್ಕಾರಕ್ಕೆ."

ಆ ಕಾಗದ ತಾಳವಾಡಿಗೆ ಹೋಯಿತು, ಅಲ್ಲಿಂದ ಘಾಟಿ ಇಳಿದು ಸತ್ಯಮಂಗಲದ ತಾಲ್ಲೂಕು ಆಫೀಸಿಗೆ ಹೋಯಿತು. ಪೊಂಗಲ್ ಕಳೆದ ಮೇಲೆ ಪೋಸ್ಟ್‌ಮ್ಯಾನ್ ಷಡಕ್ಷರಿ ಕೇರಿಯ ಬಾಯಲ್ಲಿ ನಿಂತು "ರಾಚಮ್ಮ ಅನ್ನೋರು ಯಾರಮ್ಮಾ, ಸರ್ಕಾರದಿಂದ ಬಂದದೆ" ಎಂದು ಕೂಗಿದ್ದು, ಅವಳು ಆ ಕೂಗು ಇಡೀ ಕೇರಿಗೆ ಕೇಳಲಿ ಎಂದು ಬೇಕೆಂದೇ ತಡ ಮಾಡಿ ಹೊರಗೆ ಬಂದದ್ದು, ಅದೆಲ್ಲ ಆಮೇಲಿನ ಮಾತು. ಆ ಮಧ್ಯಾಹ್ನ ಅದಿನ್ನೂ ಬರೀ ಮಸಿ ಆರದ ಒಂದು ಹಾಳೆ.

ಆರ್.ಐ. ಅಮ್ಮ ಹಾಳೆಯನ್ನು ಮಡಿಸಿ ಚೀಲಕ್ಕಿಟ್ಟು ಏಳಲು ಹೊರಟವರು ಏನೋ ನೆನಪಾಗಿ ನಿಂತರು.

"ಇದು ಮಂಜೂರಾಗಿ ಬರೋಕೆ ಎರಡು ಮೂರು ತಿಂಗಳು ಹಿಡಿಯುತ್ತೆ. ಅಲ್ಲಿವರೆಗೂ ಪಾಟಿ ಊಟಕ್ಕೆ ಏನ್ ಮಾಡ್ತಾರೆ?"

"ಅಯ್, ಅಲ್ಲಿಗಂಟ ನಾವಿಲ್ವಾ ಅಮ್ಮ!" ಎಂದಳು ನಾಗಮಣಿ.

ಅಂದವಳೇ ನಾಲಿಗೆ ಕಚ್ಚಿಕೊಂಡಳು. ಪುಟ್ಟಿ ಅವಳ ತೋಳನ್ನು ಜೋರಾಗಿ ಚಿವುಟಿದಳು. ಒಂದು ಕೊಡ ಸೊಂಟದಿಂದ ಜಾರಿ ಬಿದ್ದು, ಠಣಾರನೆ ಸದ್ದು ಮಾಡಿಕೊಂಡು ಬರಿ ಮನೆಯ ತುಂಬ ಉರುಳಿ, ಒಲೆಯ ಕಲ್ಲಿಗೆ ತಾಗಿ ನಿಂತಿತು. ಯಾರಿಗೂ ಎತ್ತಿಕೊಳ್ಳುವ ಧೈರ್ಯವಾಗಲಿಲ್ಲ.

ಆರ್.ಐ. ಅಮ್ಮ ಪೆನ್ನಿನ ಮುಚ್ಚಳ ಹಾಕಿದರು. ಸೀರೆಯ ಧೂಳು ಕೊಡವಿಕೊಂಡು ಎದ್ದರು. ಹೆಂಚಿನ ಸಂದಿಯಿಂದ ಬೀಳುತ್ತಿದ್ದ ಬಿಸಿಲನ್ನು ನೋಡುತ್ತ, ಯಾರಿಗೂ ಅಲ್ಲದೆ, "ನನಗೆ ಕನ್ನಡ ಅಷ್ಟಾಗಿ ಗೊತ್ತಾಗಲ್ಲ" ಎಂದರು.

ಮೊದಲು ನಕ್ಕವಳು ರಾಚಮ್ಮ.